ಪ್ರೋಟೀನ್‌ಗಳ ಮನೆತನ ಹುಡುಕಿದ ಮಾರ್ಗರೆಟ್ ಡೇಹಾಫ್

ಬಯೋಇನ್ಫರ್ಮ್ಯಾಟಿಕ್ಸ್ ಎಲೆಕ್ಟಿವ್ ತಗೊಂಡವರಿಗೆ ಈ ದೃಶ್ಯ ಗೊತ್ತೇ ಇರುತ್ತೆ. ಲ್ಯಾಬ್‌ನಲ್ಲಿ ಕೂತು ಬ್ಲಾಸ್ಟ್ ಪುಟ ತೆಗೀತೀವಿ. ಎಲ್ಲಿಂದಲೋ ತಂದ ಪ್ರೋಟೀನ್ ಸರಣಿಯನ್ನು, ಅಂದ್ರೆ ಉದ್ದಕ್ಕೂ ಬರೀ ಇಂಗ್ಲಿಷ್ ಅಕ್ಷರಗಳೇ ಇರುವ ಒಂದು ಸ್ಟ್ರಿಂಗನ್ನು, ಅಲ್ಲಿ ಪೇಸ್ಟ್ ಮಾಡ್ತೀವಿ. ಬಟನ್ ಒತ್ತಿ ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಇಲಿ, ಕೋಳಿ, ನೊಣ, ಯೀಸ್ಟ್ ಎಲ್ಲದರಲ್ಲೂ ಅದರ ಸಂಬಂಧಿಕರು ಯಾರು ಅಂತ ಪಟ್ಟಿ ಬಂದಿರುತ್ತೆ. ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡ್‌ಗೆ ಅಂಟಿಸಿದರೆ ಆ ವಾರದ ಕೆಲಸ ಮುಗೀತು.

ಅದೇ ಪುಟದಲ್ಲಿ ಕೆಳಗೆ ಒಂದು ಡ್ರಾಪ್‌ಡೌನ್ ಇದೆ. ಯಾವ ಮ್ಯಾಟ್ರಿಕ್ಸ್ ಬಳಸಬೇಕು ಅಂತ ಕೇಳುತ್ತೆ. ಅಲ್ಲಿ ಪ್ಯಾಮ್ 30, ಪ್ಯಾಮ್ 70, ಪ್ಯಾಮ್ 250 ಅಂತೆಲ್ಲ ಇರುತ್ತೆ. ವೈವಾದಲ್ಲಿ ಕೇಳಬಹುದು ಅಂತ ಪೂರ್ಣರೂಪ ಬಾಯಿಪಾಠ ಮಾಡಿದ್ದು ಬಿಟ್ಟರೆ, ಅದನ್ನು ಯಾರು ಮಾಡಿದ್ದು, ಹೇಗೆ ಮಾಡಿದ್ದು ಅಂತ ನಾವಂತೂ ಯೋಚಿಸಿರಲಿಲ್ಲ. ಈ ಸಂಚಿಕೆಗೆ ಯಾರ ಬಗ್ಗೆ ಬರೆಯೋದು ಅಂತ ಹುಡುಕುವಾಗ ಆ ಮ್ಯಾಟ್ರಿಕ್ಸಿನ ಹಿಂದೆ ಇದ್ದವರ ಹೆಸರು ಸಿಕ್ಕಿತು: ಮಾರ್ಗರೆಟ್ ಓಕ್ಲಿ ಡೇಹಾಫ್. ಓದ್ತಾ ಹೋದ ಹಾಗೆ ಆ ಸ್ಟ್ರಿಂಗಿನಲ್ಲಿರುವ ಒಂದೊಂದು ಅಕ್ಷರದ ಹಿಂದೆಯೂ ಇವರೇ ಇದ್ದಾರೆ ಅಂತ ಗೊತ್ತಾಯ್ತು. ಅವರು ತೀರಿಕೊಂಡು ನಾಲ್ಕು ದಶಕ ದಾಟಿದೆ. ಕಂಪ್ಯೂಟರ್ ಸೈನ್ಸ್‌ನವರೂ ಬಯೋಟೆಕ್‌ನವರೂ ಇಬ್ಬರೂ ನಮ್ಮವರು ಅನ್ನಬಹುದಾದ ಜೀವನ ಅವರದು.

ಲೆಕ್ಕದ ಮೇಡಂ ಮಗಳು

ಮಾರ್ಗರೆಟ್ ಹುಟ್ಟಿದ್ದು 1925ರ ಮಾರ್ಚ್ 11ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ಸಣ್ಣ ವ್ಯಾಪಾರ ಮಾಡುತ್ತಿದ್ದರು, ತಾಯಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇವರು ಒಬ್ಬಳೇ ಮಗಳು. ಹತ್ತು ವರ್ಷದವರಿದ್ದಾಗ ಕುಟುಂಬ ನ್ಯೂಯಾರ್ಕಿಗೆ ಬಂತು. 1942ರಲ್ಲಿ ಅಲ್ಲಿನ ಬೇಸೈಡ್ ಹೈಸ್ಕೂಲಿಗೆ ಮೊದಲಿಗರಾಗಿ ಪಾಸಾದರು. ಸ್ಕಾಲರ್‌ಶಿಪ್ ಸಿಕ್ಕಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, 1945ರಲ್ಲಿ ಪದವಿ ಮುಗಿಸಿದರು.

ಆಮೇಲೆ ಪಿಎಚ್.ಡಿ.ಗೆ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು, ಜಾರ್ಜ್ ಕಿಂಬಾಲ್ ಅವರ ಕೈಕೆಳಗೆ. ವಿಷಯ ಕ್ವಾಂಟಂ ರಸಾಯನಶಾಸ್ತ್ರ. ಬೆಂಜೀನ್ ಥರದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ದೊಡ್ಡ ಅಣುಗಳ ಶಕ್ತಿಯನ್ನು ಲೆಕ್ಕ ಹಾಕಬೇಕಿತ್ತು. ಕೈಯಲ್ಲಿ ಮಾಡಿದರೆ ಮುಗಿಯದ ಲೆಕ್ಕ. ಆ ಕಾಲಕ್ಕೆ ಕಂಪನಿಗಳು ಸಂಬಳ, ಸ್ಟಾಕು, ಬಿಲ್ಲು ನೋಡಿಕೊಳ್ಳಲು ಪಂಚ್ ಕಾರ್ಡ್ ಯಂತ್ರಗಳನ್ನು ಇಟ್ಟುಕೊಂಡಿರುತ್ತಿದ್ದವು. ಮಾರ್ಗರೆಟ್ ಆ ವ್ಯಾಪಾರದ ಯಂತ್ರಗಳನ್ನೇ ಅಣುಗಳ ಲೆಕ್ಕಕ್ಕೆ ಹಚ್ಚಿದರು. ಈ ಕೆಲಸ ಮೆಚ್ಚಿಕೊಂಡು ಕೊಲಂಬಿಯಾದಲ್ಲಿದ್ದ ಐಬಿಎಂನ ವಾಟ್ಸನ್ ಕಂಪ್ಯೂಟಿಂಗ್ ಲ್ಯಾಬೊರೇಟರಿ ಅವರಿಗೆ ಫೆಲೋಶಿಪ್ ಕೊಟ್ಟಿತು. ಅಲ್ಲಿದ್ದ ಆಗಿನ ಅತ್ಯುತ್ತಮ ಯಂತ್ರಗಳು ಕೈಗೆ ಸಿಕ್ಕವು. 1948ರಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಭೌತವಿಜ್ಞಾನಿ ಎಡ್ವರ್ಡ್ ಡೇಹಾಫ್ ಅವರನ್ನು ಮದುವೆಯಾದರು.

ಮುಂದಿನ ಮೂರು ವರ್ಷ ರಾಕ್‌ಫೆಲರ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಸಂಶೋಧನೆ ನಡೆಯಿತು. 1952ರಲ್ಲಿ ಸಂಸಾರ ಮೇರಿಲ್ಯಾಂಡಿಗೆ ಹೋಯಿತು. ಇಬ್ಬರು ಹೆಣ್ಣುಮಕ್ಕಳು. ಹಾಗಾಗಿ 1950ರ ದಶಕದ ಬಹುಭಾಗ ಅವರ ಬಯೋಡೇಟಾದಲ್ಲಿ ಹೆಚ್ಚು ಕಡಿಮೆ ಖಾಲಿ. ನಡುವೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಒಂದು ಫೆಲೋಶಿಪ್ ಮಾಡಿದರು, ಅಷ್ಟೇ. ಪ್ಲೇಸ್‌ಮೆಂಟ್‌ಗೆ ಕೂತಾಗ ಒಂದು ವರ್ಷದ ಗ್ಯಾಪ್ ಇದ್ದರೂ ಏನು ಹೇಳೋದು ಅಂತ ನಾವು ತಲೆ ಕೆಡಿಸಿಕೊಳ್ತೀವಿ. ಇವರ ಗ್ಯಾಪ್ ಅದಕ್ಕಿಂತ ಎಷ್ಟೋ ದೊಡ್ಡದು. ಅವರ ಹೆಸರು ಇವತ್ತು ಉಳಿದಿರೋದು ಆ ಗ್ಯಾಪ್ ಆದ ಮೇಲೆ ಮಾಡಿದ ಕೆಲಸದಿಂದ.

ತುಂಡುಗಳನ್ನು ಜೋಡಿಸುವ ಪ್ರೋಗ್ರಾಂ

1960ರ ಹೊತ್ತಿಗೆ ಮಾರ್ಗರೆಟ್ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಶನ್ ಅನ್ನುವ ಹೊಸ ಸಂಸ್ಥೆಯ ಸಹ ನಿರ್ದೇಶಕಿಯಾದರು. ಅದನ್ನು ಕಟ್ಟಿದವರು ರಾಬರ್ಟ್ ಲೆಡ್ಲಿ. ದಂತವೈದ್ಯಕೀಯ ಓದಿ ಆಮೇಲೆ ಭೌತವಿಜ್ಞಾನ ಓದಿದ ಮನುಷ್ಯ. ವೈದ್ಯಕೀಯಕ್ಕೆ ಕಂಪ್ಯೂಟರ್ ತರಬೇಕು ಅನ್ನೋದು ಅವರ ಹಟ. ಇಡೀ ದೇಹವನ್ನು ಸ್ಕ್ಯಾನ್ ಮಾಡುವ ಸಿಟಿ ಯಂತ್ರವನ್ನು 1970ರ ದಶಕದಲ್ಲಿ ಮಾಡಿದ್ದೂ ಇವರೇ.

ಆಗಿನ ಸಮಸ್ಯೆ ಏನು ಅಂದ್ರೆ ಪ್ರೋಟೀನ್ ಓದೋದು. ಪ್ರೋಟೀನ್ ಅನ್ನೋದು 20 ಬಗೆಯ ಅಮೈನೋ ಆಮ್ಲಗಳನ್ನು ಸರದಂತೆ ಪೋಣಿಸಿದ ಅಣು. ಯಾವ ಮಣಿ ಆದಮೇಲೆ ಯಾವ ಮಣಿ ಅನ್ನುವ ಕ್ರಮವೇ ಅದರ ಗುಟ್ಟು. ಕೇಂಬ್ರಿಜ್‌ನಲ್ಲಿ ಫ್ರೆಡೆರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್ನಿನ ಕ್ರಮವನ್ನು ಪೂರ್ತಿ ಓದಿದ್ದರು. ಬರೀ 51 ಅಮೈನೋ ಆಮ್ಲ, ಆದರೆ ಹಿಡಿದದ್ದು ವರ್ಷಗಳು. ಅದಕ್ಕೆ 1958ರ ನೊಬೆಲ್ ಬಂತು. ಉದ್ದನೆಯ ಸರವನ್ನು ಒಂದೇ ಸಲಕ್ಕೆ ಓದಲು ಆಗುತ್ತಿರಲಿಲ್ಲ. ಅದಕ್ಕೆ ಬೇರೆ ಬೇರೆ ಕಿಣ್ವಗಳಿಂದ ಬೇರೆ ಬೇರೆ ಜಾಗದಲ್ಲಿ ಕತ್ತರಿಸಿ, ಚಿಕ್ಕ ತುಂಡುಗಳನ್ನು ಓದಿ, ಆಮೇಲೆ ತುಂಡುಗಳು ಒಂದರ ಮೇಲೊಂದು ಎಲ್ಲಿ ಕೂಡುತ್ತವೆ ಅಂತ ನೋಡಿ ಜೋಡಿಸಬೇಕು.

ಒಂದು ಉದಾಹರಣೆ. ಯಾರೋ ಒಂದು ಊರಿನ ಹೆಸರಿನ ಚೀಟಿಯ ಹಲವು ಪ್ರತಿಗಳನ್ನು ಹರಿದು ಹಾಕಿದ್ದಾರೆ ಅಂದ್ಕೊಳ್ಳಿ. ನಮಗೆ ಸಿಕ್ಕ ತುಂಡುಗಳು: ನಗರ, ಮರಾಜ, ಜನಗ, ಚಾಮರಾ. ಚಾಮರಾ ಮತ್ತು ಮರಾಜ ಎರಡರಲ್ಲೂ ಮರಾ ಇದೆ, ಹಾಗಾಗಿ ಚಾಮರಾಜ. ಅದರ ಕೊನೆಯ ಜ ಮತ್ತು ಜನಗದ ಮೊದಲ ಜ ಕೂಡುತ್ತೆ. ಆಮೇಲೆ ನಗರ ಸೇರಿದರೆ ಚಾಮರಾಜನಗರ. ನಾಲ್ಕು ತುಂಡಾದರೆ ನಾವೇ ಮಾಡಿಬಿಡ್ತೀವಿ. ನೂರಾರು ತುಂಡು, ಅದರಲ್ಲಿ ಕೆಲವು ತಪ್ಪು ಓದಿದ್ದು, ಕೆಲವದರ ಒಳಕ್ರಮವೇ ಗೊತ್ತಿಲ್ಲ ಅಂತಾದರೆ?

ಇದಕ್ಕೆ ಡೇಹಾಫ್ ಮತ್ತು ಲೆಡ್ಲಿ 1962ರಲ್ಲಿ ಕಾಂಪ್ರೋಟೀನ್ ಅನ್ನುವ ಪ್ರೋಗ್ರಾಂ ಬರೆದರು. ಭಾಷೆ ಫೋರ್ಟ್ರಾನ್, ಯಂತ್ರ ಐಬಿಎಂ 7090. 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಆಗಷ್ಟೇ ವರ್ಷಗಟ್ಟಲೆ ದುಡಿಮೆಯಿಂದ ಓದಿ ಮುಗಿದಿತ್ತು. ಅದರ ತುಂಡುಗಳನ್ನು ಜೋಡಿಸುವ ಭಾಗವನ್ನು ಕಂಪ್ಯೂಟರ್ ಕೆಲವೇ ನಿಮಿಷದಲ್ಲಿ ಮಾಡಬಲ್ಲದು ಅಂತ ಇವರು ತೋರಿಸಿದರು. ಇವತ್ತು ಜೀನೋಮ್ ಅಸೆಂಬ್ಲಿ ಅಂತ ಸಿಲಬಸ್‌ನಲ್ಲಿ ಓದುವ ವಿಷಯದ ಮೂಲರೂಪ ಇದೇ. ಗಮನಿಸಿ, ಈ ಪ್ರಬಂಧವನ್ನು ಓದಿದ್ದು ಜೀವವಿಜ್ಞಾನದ ಸಮ್ಮೇಳನದಲ್ಲಲ್ಲ, ಕಂಪ್ಯೂಟರ್‌ನವರ ಸಮ್ಮೇಳನದಲ್ಲಿ.

65 ಪ್ರೋಟೀನ್‌ಗಳ ಪುಸ್ತಕ

ತುಂಡು ಜೋಡಿಸುತ್ತಾ ಮಾರ್ಗರೆಟ್‌ಗೆ ಇನ್ನೊಂದು ವಿಷಯ ಹೊಳೆಯಿತು. ಒಬ್ಬರು ಲಂಡನ್ನಿನಲ್ಲಿ ಒಂದು ಪ್ರೋಟೀನ್ ಓದ್ತಾರೆ, ಇನ್ನೊಬ್ಬರು ನ್ಯೂಯಾರ್ಕಿನಲ್ಲಿ ಇನ್ನೊಂದು. ಫಲಿತಾಂಶ ಎಲ್ಲೋ ಒಂದು ಜರ್ನಲ್‌ನಲ್ಲಿ ಹೂತುಹೋಗುತ್ತೆ. ಎಲ್ಲವನ್ನೂ ಒಂದೇ ಕಡೆ, ಒಂದೇ ರೂಪದಲ್ಲಿ ಇಟ್ಟು ಪಕ್ಕಪಕ್ಕ ನೋಡಿದರೆ ಜೀವವಿಕಾಸದ ಚರಿತ್ರೆಯೇ ಕಾಣಬಹುದು. ಫಾಸಿಲ್‌ಗಳಲ್ಲಿ ಸಿಗದ ಚರಿತ್ರೆ ಅದು.

ಹಾಗಾಗಿ 1965ರಲ್ಲಿ ಅವರು ರಿಚರ್ಡ್ ಎಕ್ ಮುಂತಾದ ಸಹೋದ್ಯೋಗಿಗಳ ಜೊತೆ ಪ್ರೋಟೀನ್‌ಗಳ ಅಟ್ಲಾಸ್ ಹೊರತಂದರು. ಅದರಲ್ಲಿದ್ದದ್ದು 65 ಪ್ರೋಟೀನ್. ಆವತ್ತಿಗೆ ಅದು ಜಗತ್ತಿನ ಹೆಚ್ಚೂಕಮ್ಮಿ ಇಡೀ ಭಂಡಾರ. ಜರ್ನಲ್‌ಗಳನ್ನು ಜಾಲಾಡಬೇಕು, ಸಂಶೋಧಕರಿಗೆ ಪತ್ರ ಬರೆದು ಮಾಹಿತಿ ಕೇಳಬೇಕು, ಬಂದದ್ದನ್ನು ಕಾರ್ಡಿಗೆ ಪಂಚ್ ಮಾಡಬೇಕು, ತಪ್ಪು ಹುಡುಕಬೇಕು. ಕೆಲವರು ತಾವಿನ್ನೂ ಪ್ರಕಟಿಸದ ಸರಣಿಯನ್ನು ಕೊಡಲು ಒಪ್ಪುತ್ತಿರಲಿಲ್ಲ. ಆದರೂ ಪುಸ್ತಕ ನಿಲ್ಲಲಿಲ್ಲ. ಮತ್ತೆ ಮತ್ತೆ ಹೊಸ ಆವೃತ್ತಿಗಳು, ಪುರವಣಿಗಳು 1978ರವರೆಗೂ ಅಚ್ಚಾದವು. ಆ ಕಾಲದ ಜೀವರಸಾಯನ ಲ್ಯಾಬುಗಳಲ್ಲಿ ಅದು ನಮ್ಮ ಮೆಕ್ಯಾನಿಕಲ್‌ನವರ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಇದ್ದ ಹಾಗೆ ಇರುತ್ತಿತ್ತು.

ಅಕ್ಷರದ ಕಥೆಯೂ ಇಲ್ಲೇ ಬರುತ್ತೆ. ಆಗ ಪ್ರತಿ ಅಮೈನೋ ಆಮ್ಲಕ್ಕೂ ಮೂರು ಅಕ್ಷರದ ಸಂಕೇತ ಇತ್ತು. ಒಂದು ಪಂಚ್ ಕಾರ್ಡಿನಲ್ಲಿ ಇರೋದು 80 ಕಾಲಂ. ಮೂರಕ್ಷರದ ಲೆಕ್ಕದಲ್ಲಿ ಒಂದು ಕಾರ್ಡಿಗೆ 26 ಅಮೈನೋ ಆಮ್ಲ ಹಿಡಿದರೆ ಹೆಚ್ಚು. ಒಂದಕ್ಷರ ಮಾಡಿದರೆ 80 ಹಿಡಿಯುತ್ತೆ. ಅದಕ್ಕಿಂತ ಮುಖ್ಯ, ಎರಡು ಪ್ರೋಟೀನ್‌ಗಳನ್ನು ಮೇಲೆ ಕೆಳಗೆ ಇಟ್ಟು ಹೋಲಿಸುವಾಗ ಒಂದು ಜಾಗಕ್ಕೆ ಒಂದೇ ಅಕ್ಷರ ಇದ್ದರೆ ಕಣ್ಣಿಗೂ ಸುಲಭ, ಪ್ರೋಗ್ರಾಂಗೂ ಸುಲಭ.

ಆದರೆ 20 ಹೆಸರುಗಳಲ್ಲಿ ಎ ಅಕ್ಷರದಿಂದ ಶುರುವಾಗುವುದೇ ನಾಲ್ಕು ಇವೆ. ಏನು ಮಾಡೋದು? ಮೊದಲಕ್ಷರ ಬೇರೆ ಯಾರಿಗೂ ಇಲ್ಲದವರಿಗೆ ಅದೇ ಕೊಟ್ಟಾಯಿತು: ಸಿಸ್ಟೀನ್‌ಗೆ ಸಿ, ಹಿಸ್ಟಿಡೀನ್‌ಗೆ ಎಚ್. ಜಗಳ ಇರುವಲ್ಲಿ ಪ್ರೋಟೀನ್‌ಗಳಲ್ಲಿ ಹೆಚ್ಚು ಸಿಗುವವರಿಗೆ ಕೊಟ್ಟಾಯಿತು: ಅಲನೀನ್‌ಗೆ ಎ, ಲ್ಯೂಸೀನ್‌ಗೆ ಎಲ್. ಉಳಿದವರಿಗೆ ಉಚ್ಚಾರದ ನೆಪ: ಫಿನೈಲ್ ಅಲನೀನ್‌ಗೆ ಎಫ್, ಅರ್ಜಿನೀನ್‌ಗೆ ಆರ್, ಟೈರೋಸೀನ್‌ಗೆ ವೈ. ಟ್ರಿಪ್ಟೋಫಾನ್‌ನಲ್ಲಿ ಎರಡು ಉಂಗುರ ಇದೆ, ಅಗಲವಾದ ಅಣು, ಅದಕ್ಕೆ ಅಗಲವಾದ ಡಬ್ಲ್ಯೂ. ಲೈಸೀನ್‌ಗೆ ಎಲ್ ಸಿಗಲಿಲ್ಲ, ಪಕ್ಕದ ಕೆ ಸಿಕ್ಕಿತು. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಬೈದುಕೊಂಡು ಬಾಯಿಪಾಠ ಮಾಡಿದ ನಮಗೆ, ಇದರ ಹಿಂದೆ ಇಷ್ಟು ತರ್ಕ ಇದೆ ಅಂತ ಗೊತ್ತಿದ್ದರೆ ಸ್ವಲ್ಪ ಸುಲಭ ಆಗ್ತಿತ್ತೇನೋ.

ದಾಯಾದಿಗಳನ್ನು ಗುರುತಿಸೋದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಎಲ್ಲ ಪ್ರೋಟೀನ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಏನು ಕಂಡಿತು?

ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನ್ ತಗೊಳ್ಳಿ. ಜೀವಕೋಶ ಉಸಿರಾಡಲು ಬೇಕಾದ್ದು. ಮನುಷ್ಯರಲ್ಲಿ ಇದಕ್ಕೆ 104 ಅಮೈನೋ ಆಮ್ಲ. ಚಿಂಪಾಂಜಿಯದ್ದೂ ನಮ್ಮದೂ ಒಂದಕ್ಷರವೂ ಬದಲಿಲ್ಲದೆ ಒಂದೇ. ರೀಸಸ್ ಕೋತಿಯ ಜೊತೆ ಒಂದು ಅಕ್ಷರ ವ್ಯತ್ಯಾಸ. ಕುದುರೆಯ ಜೊತೆ 12. ಯೀಸ್ಟ್ ತನಕ ಹೋದರೂ ಅರ್ಧಕ್ಕಿಂತ ಹೆಚ್ಚು ಅಕ್ಷರಗಳು ಹಾಗೇ ಉಳಿದಿವೆ. ನೂರು ಕೋಟಿ ವರ್ಷಗಳಷ್ಟು ಹಿಂದೆ ಬೇರೆಯಾದ ಜೀವಿಗಳಲ್ಲಿ ಒಂದೇ ಪ್ರೋಟೀನ್ ಉಳಿದುಕೊಂಡು ಬಂದಿದೆ ಅಂದರೆ ಅದಿಲ್ಲದೆ ಬದುಕು ನಡೆಯೋದಿಲ್ಲ ಅಂತ ಅರ್ಥ. ಬದಲಾಗದೆ ಉಳಿದ ಜಾಗಗಳೇ ಅದರ ಕೆಲಸದ ಜಾಗಗಳು.

ಇಂಥ ವ್ಯತ್ಯಾಸಗಳನ್ನು ಎಣಿಸಿ, ಕಡಿಮೆ ಬದಲಾವಣೆಗಳಲ್ಲಿ ಎಲ್ಲವನ್ನೂ ವಿವರಿಸುವ ವಂಶವೃಕ್ಷವನ್ನು ಕಂಪ್ಯೂಟರಿನಿಂದ ಬರೆಸುವ ವಿಧಾನವನ್ನು ಎಕ್ ಮತ್ತು ಡೇಹಾಫ್ 1966ರಲ್ಲೇ ಪ್ರಕಟಿಸಿದರು. ಅದೇ ವರ್ಷ ಫೆರೆಡಾಕ್ಸಿನ್ ಅನ್ನುವ ಪುಟ್ಟ ಪ್ರೋಟೀನ್‌ನ ಒಳಗೇ ಒಂದು ಚರಿತ್ರೆ ಇರುವುದನ್ನು ತೋರಿಸಿದರು. ಅದರ ಮೊದಲರ್ಧ ಮತ್ತು ಎರಡನೆಯ ಅರ್ಧ ಒಂದನ್ನೊಂದು ಹೋಲುತ್ತವೆ. ಅಂದರೆ ಬಹಳ ಹಿಂದೆ ಒಂದು ಚಿಕ್ಕ ತುಂಡೇ ಎರಡಾಗಿ ಕಾಪಿ ಆಗಿ ಈ ಪ್ರೋಟೀನ್ ಹುಟ್ಟಿರಬೇಕು. ನಮ್ಮ ಕೋಡಿನಲ್ಲಿ ಹಳೇ ಫಂಕ್ಷನ್ನನ್ನು ಕಾಪಿ ಪೇಸ್ಟ್ ಮಾಡಿ ಸ್ವಲ್ಪ ತಿದ್ದಿ ಹೊಸ ಕೆಲಸಕ್ಕೆ ಬಳಸ್ತೀವಲ್ಲ, ಪ್ರಕೃತಿಯೂ ಅದನ್ನೇ ಮಾಡುತ್ತೆ!

ಸಂಬಂಧ ಹತ್ತಿರದ್ದಾದರೆ ಕಣ್ಣಿಗೇ ಕಾಣುತ್ತೆ. ದೂರದ್ದಾದರೆ? ಎರಡು ಸರಣಿಗಳಲ್ಲಿ ನೂರಕ್ಕೆ ಇಪ್ಪತ್ತು ಅಕ್ಷರ ಮಾತ್ರ ಹೊಂದಿಕೆಯಾದರೆ ಅದು ರಕ್ತಸಂಬಂಧವೋ, ಬರೀ ಕಾಕತಾಳೀಯವೋ? ಬರೀ ಹೊಂದಿಕೆ ಎಣಿಸಿದರೆ ಸಾಲದು. ಎಲ್ಲ ಬದಲಾವಣೆಗಳೂ ಸಮ ಅಲ್ಲ. ಲ್ಯೂಸೀನ್ ಹೋಗಿ ಐಸೋಲ್ಯೂಸೀನ್ ಬಂದರೆ ಪ್ರೋಟೀನ್ ಹೇಗೋ ನಡೆಸಿಕೊಂಡು ಹೋಗುತ್ತೆ, ಎರಡೂ ಒಂದೇ ಸ್ವಭಾವದವು. ಟ್ರಿಪ್ಟೋಫಾನ್ ಹೋಗಿ ಬೇರೆ ಬಂದರೆ ಬಹಳ ಸಲ ಮನೆಯ ಕಂಬವೇ ಹೋದ ಹಾಗೆ.

ಡೇಹಾಫ್ ಇದನ್ನು ಊಹೆಯಿಂದ ನಿರ್ಧರಿಸಲಿಲ್ಲ, ಎಣಿಸಿದರು. ರಾಬರ್ಟ್ ಶ್ವಾರ್ಟ್ಜ್ ಮತ್ತು ಬ್ರೂಸ್ ಆರ್ಕಟ್ ಜೊತೆ 1978ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಪರಸ್ಪರ ಶೇಕಡಾ 85ಕ್ಕಿಂತ ಹೆಚ್ಚು ಹೋಲುವ ಪ್ರೋಟೀನ್‌ಗಳ 71 ಗುಂಪು ತಗೊಂಡರು. ಹತ್ತಿರದವನ್ನೇ ಯಾಕೆ ಆರಿಸಿದರು ಅಂದ್ರೆ, ಅಲ್ಲಿ ಒಂದೇ ಜಾಗ ಎರಡು ಮೂರು ಸಲ ಬದಲಾಗಿರುವ ಸಾಧ್ಯತೆ ಕಡಿಮೆ. ಪ್ರತಿ ಗುಂಪಿಗೂ ವಂಶವೃಕ್ಷ ಬರೆದು, ಪೂರ್ವಜರ ಸರಣಿಯನ್ನು ಅಂದಾಜಿಸಿ, ಯಾವ ಅಕ್ಷರ ಯಾವುದಾಗಿ ಬದಲಾಯಿತು ಅಂತ ಎಣಿಸಿದರು. ಒಟ್ಟು 1572 ಬದಲಾವಣೆ. ಅವರ ಲೆಕ್ಕದಲ್ಲಿ ಅಲನೀನ್ ಬದಲಾಗುವ ಪ್ರಮಾಣವನ್ನು 100 ಅಂತ ಇಟ್ಟುಕೊಂಡರೆ ಆಸ್ಪರಜೀನ್‌ನದು 134, ಟ್ರಿಪ್ಟೋಫಾನ್‌ನದು ಬರೀ 18.

ಇದರಿಂದ 20 ಅಡ್ಡಸಾಲು, 20 ಕಂಬಸಾಲಿನ ಒಂದು ಮ್ಯಾಟ್ರಿಕ್ಸ್ ಬಂತು. ನೂರು ಅಕ್ಷರಕ್ಕೆ ಸರಾಸರಿ ಒಂದು ಬದಲಾವಣೆ ಆಗುವಷ್ಟು ಕಾಲ ಕಳೆದರೆ ಯಾವುದು ಯಾವುದಾಗುವ ಸಂಭವ ಎಷ್ಟು ಅಂತ ಅದು ಹೇಳುತ್ತೆ. ಇದೇ ಪ್ಯಾಮ್ 1. ಇನ್ನು ಮುಂದಿನದು ನಮ್ಮ ಮೂರನೇ ಸೆಮಿಸ್ಟರ್‌ನ ಗಣಿತ. ಇದು ಮಾರ್ಕೋವ್ ಸರಪಳಿ. ಎರಡರಷ್ಟು ಕಾಲಕ್ಕೆ ಮ್ಯಾಟ್ರಿಕ್ಸನ್ನು ಅದರಿಂದಲೇ ಒಮ್ಮೆ ಗುಣಿಸಿದರಾಯಿತು. 250ನೇ ಘಾತಕ್ಕೆ ಏರಿಸಿದರೆ ಪ್ಯಾಮ್ 250. ನೂರು ಜಾಗಕ್ಕೆ 250 ಬದಲಾವಣೆ ಆದರೆ ಏನೂ ಉಳಿಯಲ್ಲ ಅಂತ ಅನ್ಸುತ್ತೆ ಅಲ್ವಾ? ಹಾಗಲ್ಲ. ಕೆಲವು ಜಾಗ ಹಲವು ಸಲ ಬದಲಾಗುತ್ತೆ, ಕೆಲವು ತಿರುಗಿ ಮೊದಲಿನದೇ ಆಗುತ್ತೆ, ಕೆಲವು ಮುಟ್ಟದೇ ಉಳಿಯುತ್ತೆ. ಕೊನೆಗೂ ಶೇಕಡಾ 20ರಷ್ಟು ಹೊಂದಿಕೆ ಉಳಿದೇ ಇರುತ್ತೆ.

ಕೊನೆಯ ಹೆಜ್ಜೆ: ಒಂದು ಜೋಡಿ ಸಂಬಂಧದಿಂದ ಬರುವ ಸಂಭವವನ್ನು, ಸುಮ್ಮನೆ ಆಕಸ್ಮಿಕವಾಗಿ ಬರುವ ಸಂಭವದಿಂದ ಭಾಗಿಸಿ ಲಾಗರಿದಮ್ ತಗೊಳ್ಳೋದು. ಲಾಗ್ ಯಾಕೆ? ಸಂಭವಗಳನ್ನು ಗುಣಿಸುವ ಬದಲು ಅಂಕಗಳನ್ನು ಕೂಡಿದರೆ ಸಾಕು ಅಂತ. ಪ್ಯಾಮ್ 250ರಲ್ಲಿ ಟ್ರಿಪ್ಟೋಫಾನ್‌ಗೆ ಟ್ರಿಪ್ಟೋಫಾನ್ ಹೊಂದಿದರೆ 17 ಅಂಕ, ಅಲನೀನ್‌ಗೆ ಅಲನೀನ್ ಹೊಂದಿದರೆ 2 ಮಾತ್ರ. ಅಪರೂಪದವರು ಇಬ್ಬರ ಮನೆಯಲ್ಲೂ ಇದ್ದರೆ ಅದು ದೊಡ್ಡ ಸಾಕ್ಷಿ. ಮದುವೆ ಮನೆಯಲ್ಲಿ ಇಬ್ಬರ ಮೂಗು ಒಂದೇ ಥರ ಇದ್ದರೆ ಅಜ್ಜಿಯರು ತಕ್ಷಣ ಸಂಬಂಧ ಕಂಡುಹಿಡೀತಾರಲ್ಲ, ಅದಕ್ಕೆ ಡೇಹಾಫ್ ಅಂಕ ಕೊಟ್ಟರು ಅಂದ್ಕೊಳ್ಳಿ.

ಹೀಗೆ ಪ್ರೋಟೀನ್‌ಗಳನ್ನು ಅವರು ಕುಟುಂಬ, ಮಹಾಕುಟುಂಬ ಅಂತ ವಿಂಗಡಿಸಿದರು. ಅರ್ಧಕ್ಕಿಂತ ಹೆಚ್ಚು ಅಕ್ಷರ ಹೊಂದಿದರೆ ಒಂದೇ ಕುಟುಂಬ. ಅಷ್ಟು ಹೊಂದದಿದ್ದರೂ ಆಕಸ್ಮಿಕ ಅಲ್ಲ ಅಂತ ಸಂಖ್ಯಾಶಾಸ್ತ್ರ ಹೇಳಿದರೆ ಒಂದೇ ಮಹಾಕುಟುಂಬ. ರಕ್ತದ ಹಿಮೋಗ್ಲೋಬಿನ್ನಿನ ಎರಡು ಬಗೆಯ ಸರಗಳೂ ಸ್ನಾಯುವಿನ ಮಯೋಗ್ಲೋಬಿನ್ನೂ ಹೀಗೆ ಒಂದೇ ಮನೆತನದವು. ಮನುಷ್ಯನ ಹಿಮೋಗ್ಲೋಬಿನ್ ಮತ್ತು ಕುದುರೆಯ ಹಿಮೋಗ್ಲೋಬಿನ್ ಒಂದೇ ಪಾತ್ರ ಬೇರೆ ಬೇರೆ ಊರಲ್ಲಿ ಇದ್ದ ಹಾಗೆ. ಅದೇ ಮನುಷ್ಯನ ಒಳಗಿನ ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್ ಮನೆ ಪಾಲಾಗಿ ಬೇರೆ ಬೇರೆ ಕಸುಬು ಹಿಡಿದ ದಾಯಾದಿಗಳು. ಮೊದಲನೆಯದನ್ನು ಆರ್ಥೋಲಾಗ್, ಎರಡನೆಯದನ್ನು ಪ್ಯಾರಲಾಗ್ ಅಂತ ಕರೆದವರು ವಾಲ್ಟರ್ ಫಿಚ್, 1970ರಲ್ಲಿ.

ಇದರಿಂದ ಏನು ಪ್ರಯೋಜನ ಅಂತ ಕೇಳುವವರಿಗೆ 1982ರ ಒಂದು ಘಟನೆ ಸಾಕು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ ಇದೆ. ಅದರ ಸಾರ್ಕ್ ಅನ್ನುವ ಪ್ರೋಟೀನ್ ಕ್ಯಾನ್ಸರಿಗೆ ಕಾರಣ. ವಿನೋನಾ ಬಾರ್ಕರ್ ಮತ್ತು ಡೇಹಾಫ್ ಅದರ ಸರಣಿಯನ್ನು ತಮ್ಮ ಸಂಗ್ರಹದ ಜೊತೆ ಹೋಲಿಸಿದಾಗ, ಸಸ್ತನಿಗಳ ಆರೋಗ್ಯವಂತ ಜೀವಕೋಶದಲ್ಲಿ ದಿನನಿತ್ಯ ಕೆಲಸ ಮಾಡುವ ಒಂದು ಕೈನೇಸ್ ಕಿಣ್ವಕ್ಕೆ ಅದು ಸಂಬಂಧಿ ಅಂತ ಕಂಡಿತು. ಕ್ಯಾನ್ಸರ್ ತರುವ ಪ್ರೋಟೀನ್ ಹೊರಗಿನ ರಾಕ್ಷಸ ಅಲ್ಲ, ನಮ್ಮ ಮನೆತನದ್ದೇ. ಒಂದು ಪ್ರಯೋಗನಾಳವನ್ನೂ ಮುಟ್ಟದೆ, ಎರಡು ಸ್ಟ್ರಿಂಗ್ ಹೋಲಿಸಿ ಸಿಕ್ಕಿದ ಸುಳಿವು ಇದು. ಇವತ್ತಿನ ಎಷ್ಟೋ ಕ್ಯಾನ್ಸರ್ ಔಷಧಗಳು ಗುರಿ ಇಡುವುದು ಇದೇ ಕೈನೇಸ್ ಮನೆತನದ ಮೇಲೆ.

ಸಂಗ್ರಹ ಮಾಡೋದು ಸಂಶೋಧನೆಯಾ?

ಇಷ್ಟೆಲ್ಲ ಮಾಡಿದವರಿಗೆ ಗೌರವ ಸುಲಭವಾಗಿ ಸಿಕ್ಕಿತಾ ಅಂದ್ರೆ, ಇಲ್ಲ. ಪ್ರಯೋಗ ಮಾಡುವವರ ಕಣ್ಣಲ್ಲಿ ಇವರು ಬೇರೆಯವರ ಫಲಿತಾಂಶವನ್ನು ಒಟ್ಟುಹಾಕುವವರು. 1960ರ ದಶಕದ ಕೊನೆಯಲ್ಲಿ ಜೀವರಸಾಯನ ವಿಜ್ಞಾನಿಗಳ ಒಂದು ಪ್ರತಿಷ್ಠಿತ ಸಂಘದ ಸದಸ್ಯತ್ವದ ಮಾತು ಬಂದಾಗ, ಸಂಗ್ರಹದ ಕೆಲಸವನ್ನು ಸ್ವಂತ ಸಂಶೋಧನೆ ಅಂತ ಪರಿಗಣಿಸುವುದು ಕಷ್ಟ ಅನ್ನುವ ಅರ್ಥದ ಉತ್ತರ ಅವರಿಗೆ ಸಿಕ್ಕಿತು. ಸರ್ಕಾರದ ಅನುದಾನವೂ ಯಾವಾಗಲೂ ಅನಿಶ್ಚಿತ. ಹಾಗಾಗಿ ಅಟ್ಲಾಸನ್ನು, ಆಮೇಲೆ ಮ್ಯಾಗ್ನೆಟಿಕ್ ಟೇಪುಗಳನ್ನು ಮಾರಿ ಖರ್ಚು ಸರಿದೂಗಿಸಬೇಕಿತ್ತು. ಮಾರಬೇಕು ಅಂದರೆ ಬೇರೆಯವರು ಕಾಪಿ ಮಾಡಿ ಹಂಚಬಾರದು ಅನ್ನುವ ನಿರ್ಬಂಧವೂ ಬೇಕು.

ಇಲ್ಲೇ ಎಡವಿದ್ದು. ತಾವು ಕಷ್ಟಪಟ್ಟು ಓದಿದ ಸರಣಿಯನ್ನು ಉಚಿತವಾಗಿ ಕೊಟ್ಟು, ಅದೇ ಸಂಗ್ರಹವನ್ನು ದುಡ್ಡು ಕೊಟ್ಟು ತಗೋಬೇಕಾ ಅಂತ ಕೆಲವು ಸಂಶೋಧಕರಿಗೆ ಅಸಮಾಧಾನ ಇತ್ತು. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. 1970ರ ದಶಕದ ಕೊನೆಗೆ ಡಿಎನ್ಎ ಓದುವ ವೇಗದ ವಿಧಾನಗಳು ಬಂದು ಮಾಹಿತಿ ಪ್ರವಾಹದಂತೆ ಬರತೊಡಗಿತು. ಡೇಹಾಫ್ ತಂಡ ಡಿಎನ್ಎ ಸರಣಿಗಳ ಸಂಗ್ರಹವನ್ನೂ ಶುರುಮಾಡಿ, 1980ರಲ್ಲಿ ಟೆಲಿಫೋನ್ ಲೈನ್ ಮೂಲಕ ದೂರದ ಕಂಪ್ಯೂಟರಿನಿಂದಲೇ ಅದನ್ನು ನೋಡುವ ವ್ಯವಸ್ಥೆ ಮಾಡಿತು. ಇಂಟರ್ನೆಟ್ ಅನ್ನುವ ಪದ ಜನರ ಬಾಯಿಗೆ ಬರುವ ಎಷ್ಟೋ ಮೊದಲು!

ಅಮೆರಿಕ ಸರ್ಕಾರ ಒಂದು ರಾಷ್ಟ್ರೀಯ ಡಿಎನ್ಎ ಭಂಡಾರ ಬೇಕು ಅಂತ ಟೆಂಡರ್ ಕರೆದಾಗ ಇವರೂ ಹಾಕಿದರು. ಅಷ್ಟು ವರ್ಷದ ಅನುಭವ ಬೇರೆ ಯಾರಿಗಿತ್ತು? ಆದರೆ 1982ರಲ್ಲಿ ಗುತ್ತಿಗೆ ಹೋಗಿದ್ದು ಲಾಸ್ ಅಲಮೋಸ್ ಪ್ರಯೋಗಾಲಯದ ವಾಲ್ಟರ್ ಗೋಡ್ ಅವರ ತಂಡಕ್ಕೆ. ಆ ತಂಡದ ಪ್ರಸ್ತಾವದಲ್ಲಿ ಮಾಹಿತಿ ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಮುಕ್ತ. ಅದೇ ಇವತ್ತಿನ ಜೆನ್‌ಬ್ಯಾಂಕ್.

ಇದನ್ನು ನಮ್ಮಲ್ಲೇ ಚರ್ಚೆ ಮಾಡಿದ್ವಿ, ಒಮ್ಮತ ಬರಲಿಲ್ಲ. ಓಪನ್ ಸೋರ್ಸ್ ಅಭಿಮಾನಿಗಳು ಮುಕ್ತ ಭಂಡಾರ ಗೆದ್ದದ್ದೇ ಸರಿ ಅಂದರು. ಅದು ನಿಜ. ಇವತ್ತು ನಾವು ಹಾಸ್ಟೆಲ್ ವೈಫೈಯಿಂದ ಬಿಡಿಗಾಸು ಕೊಡದೆ ಸರಣಿ ಇಳಿಸಿಕೊಳ್ಳೋದು ಅದರಿಂದಲೇ. ಆದರೆ ಮುಕ್ತವಾಗಿ ಕೊಡಲು ಸರ್ಕಾರದ ಹಣ ಬೇಕು. ಡೇಹಾಫ್‌ಗೆ ಆ ಹಣ ಸಾಕಷ್ಟು ಸಿಗದೇ ಇದ್ದಾಗಲೇ ಅವರು ಮಾರಾಟಕ್ಕೆ ಇಳಿದದ್ದು. ಸಂಗ್ರಹ ಸಂಶೋಧನೆಯೇ ಅಲ್ಲ ಅಂತ ಅನುದಾನದಲ್ಲಿ ಕೈ ಬಿಗಿ ಹಿಡಿದು, ಆಮೇಲೆ ಯಾಕೆ ಮಾರ್ತೀರಿ ಅಂತ ಕೇಳಿದ ಹಾಗಾಯ್ತು. ಇಬ್ಬರದೂ ಪೂರ್ತಿ ತಪ್ಪಲ್ಲ ಅನ್ನೋದೇ ಇದರಲ್ಲಿ ನೋವಿನ ವಿಷಯ.

ಹಾಗಂತ ಅವರ ಬದುಕೆಲ್ಲ ಸೋಲಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಪ್ರೊಫೆಸರ್ ಆದರು. ಬಯೋಫಿಸಿಕಲ್ ಸೊಸೈಟಿಯ ಕಾರ್ಯದರ್ಶಿಯಾಗಿ, 1980ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಎರಡೂ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ. ನಡುವೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮುಂತಾದವರ ಜೊತೆ ಸೇರಿ, ಬೇರೆ ಗ್ರಹಗಳ ಮತ್ತು ಆದಿಕಾಲದ ಭೂಮಿಯ ವಾತಾವರಣದಲ್ಲಿ ಯಾವ ಅಣುಗಳು ಇರಬಹುದು ಅಂತಲೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದರು. ಹೆಣ್ಣುಮಕ್ಕಳಲ್ಲಿ ಒಬ್ಬರು ವೈದ್ಯೆಯಾಗಿ ವೈದ್ಯಕೀಯ ಮಾಹಿತಿ ವಿಜ್ಞಾನಕ್ಕೆ ಹೋದರು, ಇನ್ನೊಬ್ಬರು ನ್ಯೂರಲ್ ನೆಟ್‌ವರ್ಕ್ ಬಗ್ಗೆ 1990ರಲ್ಲೇ ಪುಸ್ತಕ ಬರೆದರು.

ಆದರೆ ಗುತ್ತಿಗೆ ಕೈತಪ್ಪಿ ವರ್ಷ ತುಂಬುವ ಮೊದಲೇ, 1983ರ ಫೆಬ್ರವರಿ 5ರಂದು, ಹೃದಯಾಘಾತದಿಂದ ಡೇಹಾಫ್ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಪ್ರೋಟೀನ್ ಭಂಡಾರಕ್ಕೆ ಒಂದು ಭದ್ರ ನೆಲೆ ಬೇಕು ಅಂತ ಅವರು ಕೊನೆಯವರೆಗೂ ಓಡಾಡಿದ್ದರು. ಅದು ಸಿಕ್ಕಿದ್ದು ಮರುವರ್ಷ, 1984ರಲ್ಲಿ. ಅವರ ಸಂಗ್ರಹವೇ ಪ್ರೋಟೀನ್ ಇನ್ಫರ್ಮೇಶನ್ ರಿಸೋರ್ಸ್ ಆಗಿ ನಿಂತಿತು. ನೋಡೋಕೆ ಅವರು ಇರಲಿಲ್ಲ.

ಆಮೇಲೆ

1985ರಲ್ಲಿ ಲಿಪ್ಮನ್ ಮತ್ತು ಪಿಯರ್ಸನ್ ವೇಗವಾಗಿ ಸರಣಿ ಹುಡುಕುವ ಪ್ರೋಗ್ರಾಂ ಬರೆದಾಗ ಅಂಕ ಕೊಡಲು ಬಳಸಿದ್ದು ಪ್ಯಾಮ್ 250. 1990ರಲ್ಲಿ ಬ್ಲಾಸ್ಟ್ ಬಂತು. 1992ರಲ್ಲಿ ಹೆನಿಕಾಫ್ ದಂಪತಿ ಬ್ಲೋಸಮ್ ಮ್ಯಾಟ್ರಿಕ್ಸ್ ತಂದರು. ಹತ್ತಿರದ ಸಂಬಂಧಿಗಳಿಂದ ದೂರದ್ದನ್ನು ಗುಣಾಕಾರದಿಂದ ಊಹಿಸುವ ಬದಲು ದೂರದ ಸಂಬಂಧಿಗಳನ್ನು ನೇರವಾಗಿ ನೋಡಿ ಎಣಿಸಿದ ಮ್ಯಾಟ್ರಿಕ್ಸ್ ಅದು. ಹೆಚ್ಚಿನ ಹುಡುಕಾಟಗಳಿಗೆ ಈಗ ಅದೇ ಡೀಫಾಲ್ಟ್. ಲಾಗರಿದಮ್ ತಗೊಂಡು ಅಂಕ ಕೊಡುವ ದಾರಿ ಮಾತ್ರ ಡೇಹಾಫ್ ಅವರದೇ.

ಇಡೀ ಜೀನೋಮ್‌ಗಳು ಬರತೊಡಗಿದ ಮೇಲೆ ಮನೆತನ ಹುಡುಕುವ ಕೆಲಸ ಗ್ರಾಫ್ ಸಮಸ್ಯೆಯಾಯಿತು. 1997ರಲ್ಲಿ ಟಟುಸೊವ್, ಕೂನಿನ್ ಮತ್ತು ಲಿಪ್ಮನ್ ಏಳು ಜೀನೋಮ್‌ಗಳ ಪ್ರೋಟೀನ್‌ಗಳನ್ನು ಹೋಲಿಸಿದರು. ದೂರದ ಮೂರು ವಂಶಗಳ ಮೂರು ಪ್ರೋಟೀನ್ ಪರಸ್ಪರ ಒಂದಕ್ಕೊಂದು ಅತ್ಯುತ್ತಮ ಹೊಂದಿಕೆಯಾದರೆ ಅದೊಂದು ತ್ರಿಕೋನ. ಬದಿ ಹಂಚಿಕೊಳ್ಳುವ ತ್ರಿಕೋನಗಳನ್ನು ಸೇರಿಸುತ್ತಾ ಹೋದರೆ ಒಂದು ಗುಂಪು. ಹಾಗೆ 720 ಗುಂಪು ಸಿಕ್ಕವು. 2003ರಲ್ಲಿ ಬಂದ ಆರ್ಥೋಎಂಸಿಎಲ್ ಪ್ರೋಟೀನ್‌ಗಳನ್ನು ಗ್ರಾಫಿನ ಬಿಂದುಗಳಾಗಿ, ಹೋಲಿಕೆಯನ್ನು ಗೆರೆಯ ತೂಕವಾಗಿ ಇಟ್ಟು ಮಾರ್ಕೋವ್ ಕ್ಲಸ್ಟರಿಂಗ್ ಮಾಡುತ್ತೆ. ಮತ್ತೆ ಅದೇ ಮ್ಯಾಟ್ರಿಕ್ಸ್ ಗುಣಾಕಾರ! ಇವರ ಸಂಗ್ರಹ 2002ರಲ್ಲಿ ಯುರೋಪಿನ ಸಂಗ್ರಹಗಳ ಜೊತೆ ಕೂಡಿ ಯೂನಿಪ್ರಾಟ್ ಆಯಿತು. 65ರಿಂದ ಶುರುವಾದದ್ದು ಈಗ ಕೋಟಿಗಳಲ್ಲಿದೆ. ಎಐ ಬಳಸಿ ಪ್ರೋಟೀನ್‌ನ ಆಕಾರ ಊಹಿಸುವ ಆಲ್ಫಾಫೋಲ್ಡ್ ಕೂಡ, ಬೇರೆ ಬೇರೆ ಜೀವಿಗಳಲ್ಲಿರುವ ಅದೇ ಮನೆತನದ ಸರಣಿಗಳನ್ನು ಸಾಲಾಗಿ ಜೋಡಿಸಿಕೊಂಡೇ ಕೆಲಸ ಶುರು ಮಾಡುತ್ತೆ.

ಬಯೋಫಿಸಿಕಲ್ ಸೊಸೈಟಿ ವೃತ್ತಿಯ ಆರಂಭದಲ್ಲಿರುವ ಮಹಿಳಾ ವಿಜ್ಞಾನಿಗಳಿಗೆ ಡೇಹಾಫ್ ಹೆಸರಿನಲ್ಲಿ ಪ್ರತಿವರ್ಷ ಪ್ರಶಸ್ತಿ ಕೊಡುತ್ತೆ. ನಮ್ಮ ಕಾಲೇಜುಗಳಲ್ಲಿ ಅವರ ಹೆಸರು ಹೇಳಿದರೆ ಗೊತ್ತಿರುವವರು ಕಡಿಮೆ. ಪ್ರಾಜೆಕ್ಟ್ ಗ್ರೂಪಿನಲ್ಲಿ ಡೇಟಾ ಕ್ಲೀನ್ ಮಾಡುವವರು ಅಂತ ಒಬ್ಬರಿರುತ್ತಾರೆ ಅಲ್ವಾ? ಮಾಡೆಲ್ ಬರೆದವರಿಗೆ ಚಪ್ಪಾಳೆ, ಇವರ ಹೆಸರು ಸ್ಲೈಡಿನ ಕೊನೆಯಲ್ಲಿ. ಮುಂದಿನ ಸಲ ಪ್ರೆಸೆಂಟೇಶನ್ ಮಾಡುವಾಗ ಆ ಹೆಸರನ್ನು ಒಂದು ಸಾಲು ಮೇಲೆ ಹಾಕೋಣ ಅಂತ ನಾವು ಮಾತಾಡಿಕೊಂಡಿದ್ದೀವಿ. ಮತ್ತೆ ಲ್ಯಾಬಿನಲ್ಲಿ ಆ ಡ್ರಾಪ್‌ಡೌನ್ ತೆಗೆದಾಗ ಪ್ಯಾಮ್ 250 ಆರಿಸಿ ಒಮ್ಮೆ ರನ್ ಮಾಡಿ ನೋಡಿ. 1572 ಬದಲಾವಣೆಗಳನ್ನು ಕೂತು ಎಣಿಸಿದವರ ಕೆಲಸ ಇವತ್ತಿಗೂ ನಡೀತಿದೆ.